ಜಾಲತಾಣ ನವೀಕರಣದ ವೇಳೆ ಸರ್ಕಾರಿ ದಾಖಲೆಗಳು ಸಾರ್ವಜನಿಕರ ಕೈತಪ್ಪದಂತೆ ನೋಡಿಕೊಳ್ಳುವ ಬಗೆ

ಸರ್ಕಾರಿ ಕಚೇರಿಯೊಂದರ ಜಾಲತಾಣ ಹೊಸ ರೂಪ ಪಡೆಯುವಾಗ ಹಳೆಯ ಆದೇಶ, ಸುತ್ತೋಲೆ, ಅಧಿಸೂಚನೆ, ವಾರ್ಷಿಕ ವರದಿಗಳನ್ನು ಯಾರೂ ಬೇಕೆಂದು ಅಳಿಸಿಹಾಕುವುದಿಲ್ಲ. ಬಹಳಷ್ಟು ಸಲ ಫೈಲುಗಳು ಯಾವುದೋ ಸರ್ವರಿನ ಮೂಲೆಯಲ್ಲಿ ಹಾಗೆಯೇ ಉಳಿದಿರುತ್ತವೆ. ಇಲ್ಲವಾಗುವುದು ಅವುಗಳ ವಿಳಾಸ. ಆದರೆ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯಾಗಲಿ, ಸಂಶೋಧನಾ ಪ್ರಬಂಧವಾಗಲಿ, ಪತ್ರಿಕಾ ವರದಿಯಾಗಲಿ, ಇನ್ನೊಂದು ಇಲಾಖೆಯ ಪತ್ರವಾಗಲಿ ಆ ದಾಖಲೆಯನ್ನು ಉಲ್ಲೇಖಿಸಿರುವುದು ವಿಳಾಸದ ಮೂಲಕವೇ. ಆದ್ದರಿಂದ ವಿಳಾಸವನ್ನು ದಾಖಲೆಯ ಹೊರಗಿನ ತಾಂತ್ರಿಕ ವಿವರವೆಂದು ಬಗೆಯದೆ, ದಾಖಲೆಯ ಒಂದು ಭಾಗವೆಂದೇ ಪರಿಗಣಿಸಿ ಕೆಲಸ ಆರಂಭಿಸಬೇಕು. ಮುಂದೆ ಹೇಳುವ ಎಲ್ಲ ಹೆಜ್ಜೆಗಳೂ ಈ ಒಂದು ನಿಲುವಿನಿಂದ ಹೊರಟವು.

ಸಮಸ್ಯೆ ಎಷ್ಟು ವ್ಯಾಪಕ ಎಂಬುದಕ್ಕೆ ಎರಡು ಅಧ್ಯಯನಗಳು ಸಾಕು. ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ಉಲ್ಲೇಖಗೊಂಡ ಜಾಲ ವಿಳಾಸಗಳ ಪೈಕಿ ಸುಮಾರು ಅರ್ಧದಷ್ಟು ಮೂಲ ಮಾಹಿತಿಯತ್ತ ಒಯ್ಯುತ್ತಿಲ್ಲ ಎಂದು ಹಾರ್ವರ್ಡ್ ಕಾನೂನು ಶಾಲೆಯ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಪ್ಯೂ ಸಂಶೋಧನಾ ಕೇಂದ್ರವು 2024ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಪರಿಶೀಲಿಸಿದ ಸರ್ಕಾರಿ ಪುಟಗಳಲ್ಲಿ ಶೇ 21ರಷ್ಟರಲ್ಲಿ ಕನಿಷ್ಠ ಒಂದಾದರೂ ಮುರಿದ ಕೊಂಡಿಯಿತ್ತು.

ಟೆಂಡರ್ ಪತ್ರದಲ್ಲೇ ಬರೆಯಬೇಕಾದದ್ದು

ಹೊಸ ತಾಣ ಕಟ್ಟುವ ಸಂಸ್ಥೆಯೊಂದಿಗೆ ಒಪ್ಪಂದವಾದ ಮೇಲೆ ‘ಹಳೆಯ ದಾಖಲೆಗಳನ್ನೂ ತನ್ನಿ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಅದು ಹೆಚ್ಚುವರಿ ಕೆಲಸವಾಗುತ್ತದೆ. ಹೆಚ್ಚುವರಿ ಕೆಲಸವೆಂದರೆ ಕೊನೆಗೆ ಉಳಿಯುವ ಕೆಲಸ, ಅರ್ಥಾತ್ ಆಗದ ಕೆಲಸ. ಟೆಂಡರ್ ಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ‘ಮಾಹಿತಿ ವರ್ಗಾವಣೆ’ ಎಂಬ ಒಂದೇ ಸಾಲು ಯಾರನ್ನೂ ಯಾವುದಕ್ಕೂ ಕಟ್ಟಿಹಾಕುವುದಿಲ್ಲ. ಅದರ ಬದಲು ಹಳೆಯ ತಾಣದಲ್ಲಿದ್ದ ಪ್ರತಿಯೊಂದು ಸಾರ್ವಜನಿಕ ವಿಳಾಸದ ಪಟ್ಟಿ, ಆ ಪ್ರತಿ ವಿಳಾಸವೂ ಹೊಸ ತಾಣದಲ್ಲಿ ಎಲ್ಲಿಗೆ ಹೋಗುತ್ತದೆ ಎಂಬ ನಕ್ಷೆ, ಫೈಲುಗಳು ಬದಲಾಗದೆ ಬಂದಿವೆ ಎಂಬುದಕ್ಕೆ ತಾಳೆ ವರದಿ, ಈ ಮೂರನ್ನೂ ಸಲ್ಲಿಸಬೇಕಾದ ಪ್ರತ್ಯೇಕ ವಸ್ತುಗಳೆಂದು ನಮೂದಿಸಬೇಕು ಮತ್ತು ಅಂತಿಮ ಕಂತಿನ ಪಾವತಿಯನ್ನು ಅವುಗಳ ಪರೀಕ್ಷೆಗೆ ಜೋಡಿಸಬೇಕು. ಹಳೆಯ ತಾಣವನ್ನು ನಿರ್ವಹಿಸುತ್ತಿದ್ದ ಸಂಸ್ಥೆ ಬೇರೆಯಾಗಿದ್ದರೆ, ಅದು ಡೇಟಾಬೇಸ್, ಫೈಲುಗಳು, ಸರ್ವರ್ ಲಾಗ್‌ಗಳು (ಯಾವ ವಿಳಾಸವನ್ನು ಯಾವಾಗ ಕೇಳಲಾಯಿತು ಎಂದು ಸರ್ವರ್ ಬರೆದಿಡುವ ದಾಖಲೆ) ಮತ್ತು ಡೊಮೈನ್ ಅಂದರೆ ತಾಣದ ನೋಂದಾಯಿತ ಹೆಸರಿನ ನಿಯಂತ್ರಣವನ್ನು ಹಸ್ತಾಂತರಿಸಿ, ಸ್ವೀಕೃತಿ ಪಡೆದ ನಂತರವೇ ಅದರ ಲೆಕ್ಕ ಚುಕ್ತಾ ಆಗುವಂತೆ ನೋಡಿಕೊಳ್ಳುವುದು ಜಾಣತನ.

ಉದ್ಘಾಟನೆಯ ದಿನಾಂಕ ಮೊದಲು ಗೊತ್ತಾಗಿ ಕೆಲಸ ಆಮೇಲೆ ಶುರುವಾಗುವುದು ಈ ಕ್ಷೇತ್ರದ ಹಳೆಯ ರೂಢಿ. ದಿನ ಹತ್ತಿರವಾದಂತೆ ಮುಖಪುಟದ ಚಿತ್ರಪಟ್ಟಿಗೆ ಸಮಯ ಸಿಗುತ್ತದೆ, ಹದಿನೈದು ವರ್ಷದ ಸುತ್ತೋಲೆಗಳಿಗೆ ಸಿಗುವುದಿಲ್ಲ. ಒಪ್ಪಂದದಲ್ಲಿ ಬರೆದಿದ್ದರೆ ಮಾತ್ರ ಈ ಒತ್ತಡದ ನಡುವೆ ಅಧಿಕಾರಿಯೊಬ್ಬರು ‘ನಕ್ಷೆ ಪೂರ್ಣವಾಗದೆ ಹಳೆಯ ತಾಣ ಇಳಿಯುವುದಿಲ್ಲ’ ಎಂದು ಹೇಳಲು ಆಧಾರವಿರುತ್ತದೆ.

ಮೊದಲು ವಿಳಾಸಗಳ ಪಟ್ಟಿ

ಪಟ್ಟಿ ಮಾಡುವುದೆಂದರೆ ತಾಣದ ಮೆನುವಿನಲ್ಲಿ ಕಾಣುವುದನ್ನು ಬರೆದುಕೊಳ್ಳುವುದಲ್ಲ. ಒಂದೇ ಮೂಲವನ್ನು ನಂಬಿದರೆ ಪಟ್ಟಿ ಖಂಡಿತವಾಗಿ ಅಪೂರ್ಣವಾಗುತ್ತದೆ. ತಾಣದ ಸಿಎಂಎಸ್, ಅಂದರೆ ಪುಟಗಳನ್ನು ಬರೆದು ಪ್ರಕಟಿಸುವ ತಂತ್ರಾಂಶದ ಡೇಟಾಬೇಸಿನಲ್ಲಿ ಪ್ರಕಟಿತ ಪುಟಗಳ ವಿವರವಿರುತ್ತದೆ. ಆದರೆ ನೇರವಾಗಿ ಸರ್ವರಿಗೆ ಏರಿಸಿದ ಪಿಡಿಎಫ್‌ಗಳು ಅದರಲ್ಲಿ ಇರುವುದಿಲ್ಲ. ಆದ್ದರಿಂದ ಸರ್ವರಿನ ಫೋಲ್ಡರುಗಳ ಪೂರ್ಣ ಪಟ್ಟಿಯನ್ನು ಬೇರೆಯಾಗಿ ತೆಗೆಯಬೇಕು. ತಾಣವನ್ನು ಕೊಂಡಿಯಿಂದ ಕೊಂಡಿಗೆ ಸುತ್ತುವ ಕ್ರಾಲರ್ ಓಡಿಸಿದರೆ ಮೂರನೆಯ ಪಟ್ಟಿ ಸಿಗುತ್ತದೆ. ಆದರೆ ವರ್ಷ ಮತ್ತು ವಿಭಾಗ ಆರಿಸಿ ‘ಹುಡುಕಿ’ ಒತ್ತಿದಾಗ ಮಾತ್ರ ತೆರೆದುಕೊಳ್ಳುವ ದಾಖಲೆಗಳನ್ನು ಕ್ರಾಲರ್ ಕಾಣಲಾರದು. ಸರ್ಕಾರಿ ಆದೇಶಗಳ ದೊಡ್ಡ ಸಂಗ್ರಹಗಳು ಹೆಚ್ಚಾಗಿ ಇಂಥ ಹುಡುಕು ಪೆಟ್ಟಿಗೆಯ ಹಿಂದೆಯೇ ಇರುತ್ತವೆ ಎಂಬುದನ್ನು ಮರೆಯಬಾರದು.

ನಾಲ್ಕನೆಯ ಮೂಲವಾದ ಸರ್ವರ್ ಲಾಗ್ ಎಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸುತ್ತೇನೆ, ಏಕೆಂದರೆ ಹೊರಗಿನ ಜನ ನಿಜವಾಗಿ ಯಾವ ವಿಳಾಸಗಳನ್ನು ತೆರೆಯುತ್ತಿದ್ದಾರೆ ಎಂಬುದನ್ನು ಅದೊಂದೇ ಹೇಳುತ್ತದೆ. ತಾಣದ ಯಾವ ಪುಟದಿಂದಲೂ ಕೊಂಡಿಯಿಲ್ಲದ, ಆದರೆ ಹೊರಗಿನ ನೂರು ಕಡೆ ಉಲ್ಲೇಖವಾಗಿರುವ ಅನಾಥ ಫೈಲುಗಳು ಸಿಗುವುದು ಅಲ್ಲಿಯೇ. ಲಾಗ್ ಕನಿಷ್ಠ ಒಂದು ಪೂರ್ಣ ವರ್ಷದ್ದಾಗಿರಬೇಕು. ಬಜೆಟ್ ದಾಖಲೆ, ನೇಮಕಾತಿ ನಿಯಮ, ತೆರಿಗೆ ದರಪಟ್ಟಿಗಳನ್ನು ಜನ ವರ್ಷದ ಒಂದು ಋತುವಿನಲ್ಲಿ ಮಾತ್ರ ಹುಡುಕುತ್ತಾರೆ, ಉಳಿದ ತಿಂಗಳುಗಳಲ್ಲಿ ಅವುಗಳ ಸುಳಿವೇ ಇರುವುದಿಲ್ಲ. ಅನೇಕ ಸರ್ವರುಗಳು ಕೆಲವು ವಾರಗಳ ಲಾಗ್‌ಗಳನ್ನು ಮಾತ್ರ ಉಳಿಸಿಕೊಂಡು ಹಳೆಯದನ್ನು ತಾವಾಗಿಯೇ ಅಳಿಸುವುದರಿಂದ, ನವೀಕರಣದ ಮಾತು ಹುಟ್ಟಿದ ದಿನವೇ ಅವುಗಳನ್ನು ಬೇರೆಡೆ ಸಂಗ್ರಹಿಸಲು ಸೂಚಿಸಬೇಕು. ಇದರ ಜೊತೆಗೆ ವೇಬ್ಯಾಕ್ ಮಷೀನ್‌ನಂಥ ಸಾರ್ವಜನಿಕ ಜಾಲ ಸಂಗ್ರಹದಲ್ಲಿ ನಿಮ್ಮ ಡೊಮೈನಿನ ಅಡಿಯಲ್ಲಿ ದಾಖಲಾಗಿರುವ ವಿಳಾಸಗಳ ಪಟ್ಟಿಯನ್ನೂ ಪಡೆಯಬಹುದು. ಹಿಂದಿನ ನವೀಕರಣದಲ್ಲಿ ಕಳೆದುಹೋದವು ಕೂಡ ಆಗ ಬೆಳಕಿಗೆ ಬರುತ್ತವೆ.

ಎಲ್ಲವನ್ನೂ ಒಂದು ಸ್ಪ್ರೆಡ್‌ಶೀಟಿಗೆ ತಂದು, ಪುನರಾವರ್ತನೆ ತೆಗೆದು, ಪ್ರತಿ ಸಾಲಿನಲ್ಲಿ ಹಳೆಯ ವಿಳಾಸ, ದಾಖಲೆಯ ಶೀರ್ಷಿಕೆ, ಆದೇಶ ಸಂಖ್ಯೆ, ಹೊರಡಿಸಿದ ದಿನಾಂಕ, ಹೊರಡಿಸಿದ ವಿಭಾಗ, ಫೈಲಿನ ಗಾತ್ರ, ಹ್ಯಾಶ್, ಹೊಸ ವಿಳಾಸ ಮತ್ತು ಪರೀಕ್ಷೆಯ ಫಲಿತಾಂಶ ಇರುವಂತೆ ಮಾಡಬೇಕು. ಹ್ಯಾಶ್ ಎಂದರೆ ಫೈಲಿನ ಪ್ರತಿ ಬೈಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ತಂತ್ರಾಂಶ ಹುಟ್ಟಿಸುವ ಸಂಕೇತ. ಎಸ್‌ಎಚ್‌ಎ-256 ವಿಧಾನದಲ್ಲಿ ಅದು 64 ಅಕ್ಷರಗಳ ಉದ್ದವಿರುತ್ತದೆ. ಒಂದು ಅಲ್ಪವಿರಾಮ ಬದಲಾದರೂ ಸಂಕೇತ ಪೂರ್ತಿ ಬೇರೆಯಾಗುವುದರಿಂದ, ವರ್ಗಾವಣೆಯ ನಂತರ ಎರಡೂ ಕಡೆಯ ಸಂಕೇತಗಳನ್ನು ಹೋಲಿಸಿದರೆ ಫೈಲು ಹಾಳಾಗಿಲ್ಲವೆಂಬ ಖಾತರಿ ಸಿಗುತ್ತದೆ.

ಏನು ಉಳಿಯಬೇಕು, ಯಾರು ತೀರ್ಮಾನಿಸಬೇಕು

ಪಟ್ಟಿ ಸಿದ್ಧವಾದ ಕೂಡಲೇ ‘ಇಷ್ಟೆಲ್ಲ ಹಳೆಯದು ಯಾಕೆ ಬೇಕು’ ಎಂಬ ಪ್ರಶ್ನೆ ಏಳುತ್ತದೆ. ಹಳೆಯದು ಎಂಬುದು ತೆಗೆದುಹಾಕಲು ಕಾರಣವಾಗದು. ಹತ್ತು ವರ್ಷಗಳ ಹಿಂದೆ ಸೇವೆಗೆ ಸೇರಿದವರ ಹಕ್ಕು, ಅಂದು ಮಂಜೂರಾದ ಪರವಾನಗಿಯ ಷರತ್ತು, ಅಂದಿನ ಸ್ವಾಧೀನದ ಪರಿಹಾರ ಇವೆಲ್ಲ ಅಂದು ಜಾರಿಯಲ್ಲಿದ್ದ ಆದೇಶದ ಮೇಲೆ ನಿಂತಿರುತ್ತವೆ. ಆ ಆದೇಶ ಈಗ ರದ್ದಾಗಿದ್ದರೂ ಅದರ ಪಠ್ಯ ಬೇಕೇ ಬೇಕು. ರದ್ದಾದ ಆದೇಶದ ಪುಟದ ಮೇಲ್ಭಾಗದಲ್ಲಿ ಅದು ಯಾವ ದಿನಾಂಕದಿಂದ, ಯಾವ ಆದೇಶದ ಮೂಲಕ ಬದಲಾಗಿದೆ ಎಂದು ಬರೆದು ಹೊಸದಕ್ಕೆ ಕೊಂಡಿ ಕೊಡುವುದು ಸರಿಯಾದ ಕ್ರಮ. ಅದನ್ನು ಕಿತ್ತುಹಾಕಿ ಹೊಸದನ್ನು ಅದೇ ವಿಳಾಸದಲ್ಲಿ ಕೂರಿಸುವುದಂತೂ ಕಿತ್ತುಹಾಕುವುದಕ್ಕಿಂತ ಅಪಾಯಕಾರಿ, ಏಕೆಂದರೆ ಹಳೆಯ ಉಲ್ಲೇಖವನ್ನು ಹಿಡಿದು ಬಂದವರು ತಾವು ಬೇರೆ ಪಠ್ಯ ಓದುತ್ತಿದ್ದೇವೆಂದು ತಿಳಿಯುವುದೇ ಇಲ್ಲ.

ಕೆಲವನ್ನು ತೆಗೆಯಲೇಬೇಕಾಗುತ್ತದೆ, ಅದು ನಿಜ. ಫಲಾನುಭವಿಗಳ ಬ್ಯಾಂಕ್ ಖಾತೆ ಸಂಖ್ಯೆ, ರೋಗಿಗಳ ವಿವರ, ಮಕ್ಕಳ ಗುರುತು ಹೀಗೆ ಎಂದೂ ಪ್ರಕಟವಾಗಬಾರದಿದ್ದವು ಪಟ್ಟಿಯಲ್ಲಿ ಸಿಕ್ಕಿದರೆ ನವೀಕರಣಕ್ಕೆ ಕಾಯದೆ ಅಂದೇ ಇಳಿಸಬೇಕು. ಆದರೆ ತೀರ್ಮಾನ ತಾಂತ್ರಿಕ ಸಂಸ್ಥೆಯದ್ದಾಗಿರಬಾರದು. ದಾಖಲೆಯ ಹೊಣೆ ಹೊತ್ತ ವಿಭಾಗ ಲಿಖಿತವಾಗಿ ಆದೇಶಿಸಬೇಕು. ಪ್ರತಿ ವಿಳಾಸದ ಕೋರಿಕೆಗೂ ಸರ್ವರ್ ಒಂದು ಸಂಖ್ಯೆಯ ಮೂಲಕ ಉತ್ತರಿಸುತ್ತದೆ; ತೆಗೆದ ದಾಖಲೆಯ ವಿಳಾಸವು 410 ಎಂಬ ಉತ್ತರ ಕೊಡಬೇಕು. 404 ಎಂದರೆ ‘ಸಿಗಲಿಲ್ಲ’, 410 ಎಂದರೆ ‘ಇತ್ತು, ಈಗ ಉದ್ದೇಶಪೂರ್ವಕವಾಗಿ ತೆಗೆಯಲಾಗಿದೆ’. ಆ ಪುಟದಲ್ಲಿ ಶೀರ್ಷಿಕೆ, ತೆಗೆದ ದಿನಾಂಕ, ಕಾರಣ, ಪ್ರತಿ ಬೇಕಾದವರು ಯಾರನ್ನು ಕೇಳಬೇಕು ಎಂಬ ನಾಲ್ಕು ಮಾತಿರಲಿ. ಖಾಸಗಿ ವಿವರಗಳನ್ನು ಮಾತ್ರ ಮುಚ್ಚಿ ಉಳಿದದ್ದನ್ನು ಪ್ರಕಟಿಸುವುದಾದರೆ, ಪಿಡಿಎಫ್‌ನ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಲದು ಎಂಬುದು ನೆನಪಿರಲಿ: ಕೆಳಗಿನ ಅಕ್ಷರಗಳನ್ನು ಆಯ್ದು ನಕಲಿಸಿದರೆ ಎಲ್ಲವೂ ಹೊರಬರುತ್ತದೆ.

ವಿಳಾಸವನ್ನು ಉಳಿಸುವುದು, ಉಳಿಸಲಾಗದಿದ್ದರೆ ಮುಂದಕ್ಕೆ ಕಳಿಸುವುದು

ಹಳೆಯ ವಿಳಾಸವನ್ನೇ ಹೊಸ ತಾಣದಲ್ಲೂ ಇಟ್ಟುಕೊಳ್ಳುವುದು ಅತ್ಯುತ್ತಮ. ಹೊಸ ತಂತ್ರಾಂಶ ಬೇರೆ ರೀತಿಯ ವಿಳಾಸ ಬಯಸುತ್ತದೆ ಎಂಬ ವಾದ ಬರುತ್ತದೆ. ಆದರೆ ದಾಖಲೆಗಳಿರುವ ಫೋಲ್ಡರನ್ನು ಹಾಗೆಯೇ ಎತ್ತಿ ಅದೇ ದಾರಿಯಲ್ಲಿ ಇಡಲು ಬಹುತೇಕ ಯಾವ ತಂತ್ರಾಂಶವೂ ಅಡ್ಡಿ ಮಾಡುವುದಿಲ್ಲ. ಹೊಸದಾಗಿ ವಿಳಾಸ ರೂಪಿಸುವುದಾದರೆ ಅದರಲ್ಲಿ ತಂತ್ರಾಂಶದ ಗುರುತು, ಮುಂದೆ ವಿಲೀನವಾಗಬಹುದಾದ ವಿಭಾಗದ ಹೆಸರು, ‘ಹೊಸದು’ ‘ಇತ್ತೀಚಿನದು’ ಎಂಬಂಥ ಪದಗಳು ಇರದಿರಲಿ. ದಾಖಲೆಯ ಬಗೆ, ವರ್ಷ, ಆದೇಶ ಸಂಖ್ಯೆ ಇಷ್ಟರಿಂದ ಕಟ್ಟಿದ ವಿಳಾಸ ಇಲಾಖೆ ಎರಡು ಹೋಳಾದರೂ ಅರ್ಥ ಕಳೆದುಕೊಳ್ಳುವುದಿಲ್ಲ.

ಬದಲಾಯಿಸಲೇಬೇಕಾದಾಗ ರೀಡೈರೆಕ್ಟ್, ಅಂದರೆ ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ಏರ್ಪಾಡು ಬೇಕು. ಶಾಶ್ವತ ಬದಲಾವಣೆಗೆ 301, ತಾತ್ಕಾಲಿಕಕ್ಕೆ 302. ದಾಖಲೆಗಳ ವಿಷಯದಲ್ಲಿ ಬೇಕಾದದ್ದು 301. ಪ್ರತಿ ಹಳೆಯ ದಾಖಲೆಯ ವಿಳಾಸವೂ ಅದೇ ದಾಖಲೆಯ ಹೊಸ ವಿಳಾಸಕ್ಕೇ ಹೋಗಬೇಕು. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿಬಿಡುವುದು ಅತಿ ಸುಲಭದ ಮತ್ತು ಅತಿ ಕೆಟ್ಟ ಪರಿಹಾರ. 2011ರ ಆದೇಶ ಹುಡುಕಿ ಬಂದವರು ಮಂತ್ರಿಗಳ ಭಾವಚಿತ್ರದ ಮುಂದೆ ನಿಲ್ಲುತ್ತಾರೆ. ಹುಡುಕು ಯಂತ್ರಗಳೂ ಇಂಥದ್ದನ್ನು ‘ಪುಟ ಇಲ್ಲ’ ಎಂದೇ ಎಣಿಸುತ್ತವೆ. ಹಿಂದಿನ ನವೀಕರಣದ ರೀಡೈರೆಕ್ಟ್‌ಗಳು ಇದ್ದರೆ ಅವನ್ನೂ ಪಟ್ಟಿಗೆ ತಂದು, ಒಂದರಿಂದ ಇನ್ನೊಂದಕ್ಕೆ ನೆಗೆಯುವ ಸರಪಳಿಯಾಗದಂತೆ ನೇರವಾಗಿ ಕೊನೆಯ ವಿಳಾಸಕ್ಕೆ ಜೋಡಿಸಬೇಕು.

ರೀಡೈರೆಕ್ಟ್ ಬರೆಯುವಾಗ ಪದೇ ಪದೇ ಕೈಕೊಡುವ ಕೆಲವು ಸಂಗತಿಗಳಿವೆ. ಹಳೆಯ ವಿಳಾಸಗಳು ಪ್ರಶ್ನಾರ್ಥಕ ಚಿಹ್ನೆಯ ನಂತರ ದಾಖಲೆಯ ಕ್ರಮಸಂಖ್ಯೆ ಹೊತ್ತಿದ್ದರೆ, ಸರ್ವರ್ ತಂತ್ರಾಂಶಗಳಾದ ಅಪಾಚಿ ಮತ್ತು ಎಂಜಿನ್‌ಎಕ್ಸ್ ಎರಡರಲ್ಲೂ ಸಾಮಾನ್ಯ ನಿಯಮಗಳು ಪ್ರಶ್ನಾರ್ಥಕದ ಹಿಂದಿನ ಭಾಗವನ್ನು ಮಾತ್ರ ನೋಡುತ್ತವೆ. ಅಂದರೆ ಸಾವಿರ ದಾಖಲೆಗಳೂ ಒಂದೇ ವಿಳಾಸವೆಂಬಂತೆ ಒಂದೇ ಪುಟಕ್ಕೆ ಹೋಗಿಬಿಡುತ್ತವೆ. ಕ್ರಮಸಂಖ್ಯೆಯನ್ನು ಓದುವ ನಿಯಮವನ್ನು ಪ್ರತ್ಯೇಕವಾಗಿ ಬರೆಯಬೇಕು. ಹಳೆಯ ಸರ್ವರ್ ವಿಂಡೋಸ್ ಆಗಿದ್ದು ಹೊಸದು ಲಿನಕ್ಸ್ ಆಗಿದ್ದರೆ ಇನ್ನೊಂದು ತೊಡಕು: ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸವನ್ನು ವಿಂಡೋಸ್ ಲೆಕ್ಕಿಸುವುದಿಲ್ಲ, ಲಿನಕ್ಸ್ ಲೆಕ್ಕಿಸುತ್ತದೆ. ವರ್ಷಗಟ್ಟಲೆ ಕೆಲಸ ಮಾಡಿದ ಕೊಂಡಿ ಒಂದು ದೊಡ್ಡಕ್ಷರದ ಕಾರಣಕ್ಕೆ ರಾತ್ರೋರಾತ್ರಿ ಮುರಿಯುತ್ತದೆ.

ಕನ್ನಡದಲ್ಲಿ ಹೆಸರಿಟ್ಟ ಫೈಲುಗಳಿಗೆ ಇನ್ನೂ ಸೂಕ್ಷ್ಮವಾದ ಸಮಸ್ಯೆಯಿದೆ. ‘ಸುತ್ತೋಲೆ’ ಎಂಬ ಹೆಸರಿನ ಫೈಲನ್ನು ತೆಗೆದುಕೊಳ್ಳಿ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅದು 8 ಸಂಕೇತಗಳು. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ವಿಧಾನದಲ್ಲಿ ಒಂದೊಂದಕ್ಕೂ 3 ಬೈಟ್‌ಗಳಾಗಿ, ಪ್ರತಿ ಬೈಟ್ ಶೇಕಡಾ ಚಿಹ್ನೆಯೊಡನೆ 3 ಅಕ್ಷರಗಳಾಗಿ, ವಿಳಾಸದಲ್ಲಿ ಒಟ್ಟು 72 ಅಕ್ಷರಗಳಾಗುತ್ತವೆ. ಆದರೆ ಓ ಸ್ವರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿ ಬಿಡಿಸಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮಾನವೆಂದು ಒಪ್ಪುತ್ತದೆ, ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಬಿಡಿಸಿ ಬರೆದಾಗ ಅದೇ ಹೆಸರು 90 ಅಕ್ಷರಗಳ ಬೇರೆಯೇ ವಿಳಾಸವಾಗುತ್ತದೆ. ಮ್ಯಾಕ್ ಕಂಪ್ಯೂಟರುಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಫೈಲಿನ ಹೆಸರುಗಳನ್ನು ತಾನಾಗಿ ಬಿಡಿಸಿ ಇಟ್ಟುಕೊಳ್ಳುತ್ತಿತ್ತು. ಹಾಗಾಗಿ ವರ್ಗಾವಣೆಯ ನಡುವೆ ಫೈಲುಗಳು ಅಂಥ ಯಂತ್ರವೊಂದನ್ನು ಹಾದುಬಂದಿದ್ದರೆ, ಫೋಲ್ಡರಿನಲ್ಲಿ ಫೈಲು ಕಣ್ಣಿಗೆ ಕಾಣುತ್ತಿದ್ದರೂ ಹಳೆಯ ಕೊಂಡಿ 404 ಎನ್ನುತ್ತದೆ, ಮತ್ತು ಕಾರಣ ಹುಡುಕುವವರು ಹೆಸರನ್ನು ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ಗೋಚರಿಸುವುದಿಲ್ಲ. ವರ್ಗಾವಣೆಯನ್ನು ಸರ್ವರಿನಿಂದ ಸರ್ವರಿಗೆ ನೇರವಾಗಿ ಮಾಡುವುದು, ಹೆಸರುಗಳ ಬೈಟ್‌ಗಳನ್ನೇ ಹೋಲಿಸಿ ನೋಡುವುದು ಇದಕ್ಕೆ ಪರಿಹಾರ.

ಡೊಮೈನೇ ಬದಲಾಗುವುದಾದರೆ ಹಳೆಯದರ ನೋಂದಣಿಯನ್ನು ನವೀಕರಿಸುತ್ತಲೇ ಇರಬೇಕು. ಬಿಟ್ಟುಬಿಟ್ಟ ಡೊಮೈನನ್ನು ಯಾರು ಬೇಕಾದರೂ ಕೊಳ್ಳಬಹುದಾದ ಕಡೆ, ಸರ್ಕಾರಿ ಆದೇಶದಲ್ಲಿ ಮುದ್ರಿತವಾದ ವಿಳಾಸ ಜೂಜಿನ ತಾಣಕ್ಕೋ ವಂಚಕರ ನಕಲಿ ಅರ್ಜಿ ನಮೂನೆಗೋ ಕರೆದೊಯ್ಯುವ ಅಪಾಯವಿದೆ. ಹಳೆಯ ಡೊಮೈನಿನ ಭದ್ರತಾ ಪ್ರಮಾಣಪತ್ರವನ್ನೂ ಚಾಲ್ತಿಯಲ್ಲಿಡಬೇಕು. ಅದು ಮುಗಿದರೆ ರೀಡೈರೆಕ್ಟ್ ನಡೆಯುವ ಮೊದಲೇ ಬ್ರೌಸರ್ ಎಚ್ಚರಿಕೆಯ ಪುಟ ತೋರಿಸಿ ಓದುಗರನ್ನು ತಡೆಯುತ್ತದೆ. ರೀಡೈರೆಕ್ಟ್‌ಗಳು ಒಂದು ವರ್ಷ ಇದ್ದರೆ ಸಾಕು ಎಂಬ ಸಲಹೆ ಹುಡುಕು ಯಂತ್ರಗಳ ದೃಷ್ಟಿಯಿಂದ ಬಂದದ್ದು. ಮುದ್ರಿತ ತೀರ್ಪಿನ ಅಡಿಟಿಪ್ಪಣಿಗೆ ಅವಧಿಯಿಲ್ಲವಾದ್ದರಿಂದ ಸರ್ಕಾರಿ ದಾಖಲೆಗಳ ರೀಡೈರೆಕ್ಟ್‌ಗೂ ಕೊನೆಯ ದಿನಾಂಕ ಇರಕೂಡದು.

ದೊಡ್ಡ ಪ್ರಮಾಣದಲ್ಲಿ ಇದು ಸಾಧ್ಯವೇ ಎಂದು ಕೇಳುವವರಿಗೆ ಬ್ರಿಟನ್ನಿನ ಉದಾಹರಣೆಯಿದೆ. ಅಲ್ಲಿ 2012ರ ಅಕ್ಟೋಬರಿನಲ್ಲಿ ಡೈರೆಕ್ಟ್‌ಗವ್ ಮತ್ತು ಬಿಸಿನೆಸ್ ಲಿಂಕ್ ಎಂಬ ಎರಡು ದೊಡ್ಡ ತಾಣಗಳ ಸ್ಥಾನದಲ್ಲಿ ಗವ್.ಯುಕೆ ಬಂದಾಗ, ಹಳೆಯ ವಿಳಾಸಗಳನ್ನು ಹೊಸದಕ್ಕೆ ಜೋಡಿಸುವ ಕೆಲಸವೇ ಒಂದು ಪ್ರತ್ಯೇಕ ಕಾರ್ಯವಾಗಿ ನಡೆಯಿತು. ಹೊಸ ತಾಣದಲ್ಲಿ ಸ್ಥಾನ ಪಡೆಯದ ಪುಟಗಳಿಗಾಗಿ ರಾಷ್ಟ್ರೀಯ ಪತ್ರಾಗಾರದ ಸರ್ಕಾರಿ ಜಾಲ ಸಂಗ್ರಹದ ಪ್ರತಿಯನ್ನು ಬಳಸಿಕೊಳ್ಳಲಾಯಿತು.

ಫೈಲುಗಳನ್ನು ಮುಟ್ಟದಿರುವುದು

ವರ್ಗಾವಣೆಯ ನೆಪದಲ್ಲಿ ಫೈಲುಗಳನ್ನು ‘ಸುಧಾರಿಸುವ’ ಉತ್ಸಾಹಕ್ಕೆ ಕಡಿವಾಣ ಬೇಕು. ಗಾತ್ರ ಕುಗ್ಗಿಸಲು ಪಿಡಿಎಫ್‌ಗಳನ್ನು ಹಿಂಡಿದರೆ ಸ್ಕ್ಯಾನ್ ಮಾಡಿದ ನಕ್ಷೆಯ ಸರ್ವೆ ಸಂಖ್ಯೆ, ಕೋಷ್ಟಕದ ದಶಮಾಂಶ ಚುಕ್ಕಿ ಮಸುಕಾಗುತ್ತವೆ. ಡಿಜಿಟಲ್ ಸಹಿ ಇದ್ದರೆ ಅದು ಅಸಿಂಧುವೆಂದು ತೋರುತ್ತದೆ. ಹಲವು ಫೈಲುಗಳನ್ನು ಸೇರಿಸಿ ಒಂದು ಮಾಡಿದರೆ ಪುಟಸಂಖ್ಯೆಯ ಉಲ್ಲೇಖಗಳೆಲ್ಲ ತಪ್ಪುತ್ತವೆ. ಮೂಲ ಫೈಲು ಬೈಟಿಗೆ ಬೈಟು ಹಾಗೆಯೇ ಬರಲಿ. ಪಠ್ಯ ಹುಡುಕಲು ಬರುವ ಪ್ರತಿ, ದೀರ್ಘಕಾಲ ಉಳಿಸಲೆಂದೇ ರೂಪಿಸಿದ, ಐಎಸ್‌ಒ 19005 ಮಾನಕವಾಗಿರುವ ಪಿಡಿಎಫ್/ಎ ಪ್ರತಿ ಇವನ್ನು ಬೇಕಾದರೆ ಪಕ್ಕದಲ್ಲಿ ಸೇರಿಸಬಹುದು. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಟೈಪ್ ಮಾಡಿದ ಪುಟಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಫಾಂಟ್ ಇಲ್ಲದ ಕಡೆ ಅವು ಅರ್ಥವಿಲ್ಲದ ಲಿಪಿಯಾಗಿ ಕಾಣುವುದರಿಂದ ಯೂನಿಕೋಡ್ ಪ್ರತಿ ಅವಶ್ಯ, ಆದರೆ ಪರಿವರ್ತಕ ತಂತ್ರಾಂಶಗಳು ಒತ್ತಕ್ಷರ, ಅರ್ಕಾವತ್ತು, ಅಂಕಿಗಳಲ್ಲಿ ಎಡವುವುದರಿಂದ ಮೂಲವನ್ನು ಬಿಸಾಡಬಾರದು.

ದಿನಾಂಕದ ವಿಷಯದಲ್ಲಿ ಆಗುವ ಅನಾಹುತ ಹೊರನೋಟಕ್ಕೆ ಚಿಕ್ಕದು. ಹೊಸ ಸಿಎಂಎಸ್‌ಗೆ ಒಮ್ಮೆಗೇ ಏರಿಸಿದ ದಾಖಲೆಗಳಿಗೆಲ್ಲ ಏರಿಸಿದ ದಿನವೇ ‘ಪ್ರಕಟಿತ ದಿನಾಂಕ’ವಾಗಿ ಕೂರುತ್ತದೆ. 2006ರ ಸುತ್ತೋಲೆಯೂ ಕಳೆದ ತಿಂಗಳ ತಿದ್ದುಪಡಿಯೂ ಒಂದೇ ದಿನ ಹೊರಬಿದ್ದಂತೆ ಕಾಣುತ್ತವೆ, ಯಾವುದು ಮೊದಲು ಯಾವುದು ಆಮೇಲೆ ಎಂಬುದು ಪಟ್ಟಿಯಿಂದ ತಿಳಿಯುವುದಿಲ್ಲ. ಹೊರಡಿಸಿದ ದಿನಾಂಕ, ಜಾಲದಲ್ಲಿ ಮೊದಲು ಪ್ರಕಟಿಸಿದ ದಿನಾಂಕ, ಹೊಸ ತಾಣಕ್ಕೆ ತಂದ ದಿನಾಂಕ ಇವು ಮೂರು ಬೇರೆ ಬೇರೆ ಅಂಕಣಗಳಾಗಿರಬೇಕು.

ತಾಣ ಬದಲಾಗುವ ದಿನ

ಹಳೆಯ ತಾಣ ಇಳಿಯುವ ಮುನ್ನ ಅದರ ಪೂರ್ಣ ಪ್ರತಿಯನ್ನು ಜಾಲ ಸಂಗ್ರಹದ ಅಂತರರಾಷ್ಟ್ರೀಯ ಮಾನಕವಾದ ವಾರ್ಕ್, ಅಂದರೆ ಐಎಸ್‌ಒ 28500 ರೂಪದಲ್ಲಿ ತೆಗೆದಿಡಬೇಕು. ಇದು ಸಾಮಾನ್ಯ ಬ್ಯಾಕಪ್‌ಗಿಂತ ಭಿನ್ನ, ಏಕೆಂದರೆ ಸರ್ವರ್ ಕೊಟ್ಟ ಉತ್ತರವನ್ನು ವಿಳಾಸ ಮತ್ತು ಸಮಯದ ಸಮೇತ ಉಳಿಸುತ್ತದೆ. ಮುಖ್ಯ ಪುಟಗಳನ್ನು ವೇಬ್ಯಾಕ್ ಮಷೀನ್‌ಗೂ ಸೇರಿಸಬಹುದು. ಆದರೆ ಹೊರಗಿನ ಸಂಗ್ರಹದಲ್ಲಿ ಪ್ರತಿ ಇದೆಯೆಂಬುದು ಕಚೇರಿ ತನ್ನ ಹೊಣೆ ಇಳಿಸಿಕೊಳ್ಳಲು ನೆಪವಾಗಬಾರದು.

ದಿನವನ್ನು ಆರಿಸುವಾಗ ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನ, ಅರ್ಜಿಯ ಗಡುವು, ಫಲಿತಾಂಶ ಪ್ರಕಟಣೆ ಇವುಗಳಿಂದ ದೂರವಿರಬೇಕು. ಕರಡು ನಿಯಮಕ್ಕೆ 30 ದಿನಗಳೊಳಗೆ ಆಕ್ಷೇಪಣೆ ಕೇಳಿ, ಆ ಅವಧಿಯಲ್ಲಿ ಕರಡೇ ತೆರೆಯದಿದ್ದರೆ ನಂತರ ಆ ನಿಯಮದ ಸಿಂಧುತ್ವವನ್ನೇ ಪ್ರಶ್ನಿಸಲು ಅವಕಾಶ ಕೊಟ್ಟಂತಾಗುತ್ತದೆ. ತಪ್ಪಿಸಲಾಗದಿದ್ದರೆ ಅವಧಿಯನ್ನು ವಿಸ್ತರಿಸಿ ಆದೇಶಿಸಬೇಕು. ತಾಣದ ಹೆಸರು ಯಾವ ಸರ್ವರಿಗೆ ಸೇರಿದ್ದೆಂದು ಹೇಳುವ ಡಿಎನ್‌ಎಸ್ ದಾಖಲೆಯ ಬಾಳಿಕೆ (ಇತರ ಯಂತ್ರಗಳು ಅದನ್ನು ನೆನಪಿಟ್ಟುಕೊಳ್ಳುವ ಅವಧಿ) 86,400 ಸೆಕೆಂಡು, ಅಂದರೆ ಒಂದು ದಿನ ಇದ್ದರೆ, ಬದಲಾವಣೆಗೆ ಎರಡು ದಿನ ಮೊದಲೇ ಅದನ್ನು 300 ಸೆಕೆಂಡಿಗೆ ಇಳಿಸಬೇಕು. ಆಗ ಹೊಸ ಸರ್ವರಿನಲ್ಲಿ ದೋಷ ಕಂಡರೆ ಹಳೆಯದಕ್ಕೆ ಬೇಗ ಮರಳಬಹುದು. ನಿರ್ವಹಣೆಯ ಅವಧಿಯಲ್ಲಿ ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಪುಟ ತೋರಿಸುವುದಾದರೆ ಅದು ‘ಸದ್ಯಕ್ಕೆ ಸೇವೆ ಇಲ್ಲ’ ಎನ್ನುವ 503 ಉತ್ತರದೊಡನೆ, ಯಾವಾಗ ಮರಳಿ ಪ್ರಯತ್ನಿಸಬೇಕೆಂಬ ಸೂಚನೆಯೊಡನೆ ಬರಬೇಕು. ಎಲ್ಲ ವಿಳಾಸಗಳಿಗೂ ಅದೇ ಪುಟವನ್ನು 200 ಎಂಬ ಯಶಸ್ಸಿನ ಉತ್ತರದೊಂದಿಗೆ ಕೊಟ್ಟರೆ, ಹುಡುಕು ಯಂತ್ರಗಳು ಪ್ರತಿ ಆದೇಶದ ಜಾಗದಲ್ಲೂ ಅದನ್ನೇ ದಾಖಲಿಸಿಕೊಳ್ಳುತ್ತವೆ. ಇದಕ್ಕಿಂತ ಉತ್ತಮವೆಂದರೆ ದಾಖಲೆಗಳ ಫೋಲ್ಡರನ್ನು ಬದಲಾವಣೆಗೆ ಅವಕಾಶವಿಲ್ಲದ, ಓದಲು ಮಾತ್ರ ತೆರೆದಿರುವ ಸರಳ ಸರ್ವರೊಂದರಲ್ಲಿಟ್ಟು, ಉಳಿದ ತಾಣ ಮುಚ್ಚಿದ್ದಾಗಲೂ ಅದು ಉತ್ತರಿಸುತ್ತಿರುವಂತೆ ಮಾಡುವುದು.

ಹಳೆಯ ತಾಣಕ್ಕೆ ಹೊಸ ವಿಷಯ ಸೇರಿಸುವುದನ್ನು ನಿಲ್ಲಿಸಿದ ಗಳಿಗೆಯಿಂದ ಹೊಸ ತಾಣ ತೆರೆಯುವವರೆಗೆ ಹೊರಡುವ ಆದೇಶಗಳಿಗೆ ಒಂದು ವಹಿ ಇರಬೇಕು. ಅತಿ ಹೆಚ್ಚು ಕಳೆದುಹೋಗುವವು ಇವೇ.

ಪರೀಕ್ಷಾ ತಾಣವನ್ನು ಹುಡುಕು ಯಂತ್ರಗಳು ನೋಡದಿರಲೆಂದು ರೋಬಾಟ್ಸ್ ಫೈಲಿನಲ್ಲಿ ಹಾಕಿದ ನಿರ್ಬಂಧ, ನಿಜ ತಾಣಕ್ಕೂ ಅದೇ ರೂಪದಲ್ಲಿ ಬಂದುಬಿಡುವುದು ಈ ಕೆಲಸದ ಅತ್ಯಂತ ಹಳೆಯ ಪ್ರಮಾದ. ಹೊಸ ಫೈರ್‌ವಾಲ್ ಹೊರದೇಶಗಳ ಓದುಗರನ್ನು ಇಲ್ಲವೇ ಸಂಗ್ರಹಾಲಯಗಳ ಕ್ರಾಲರುಗಳನ್ನು ತಡೆಯುತ್ತಿದೆಯೇ, ಮೊದಲು ಮುಕ್ತವಾಗಿದ್ದ ದಾಖಲೆಗೆ ಈಗ ಕ್ಯಾಪ್ಚಾ ಅಥವಾ ಒಟಿಪಿ ಬೇಕೆ ಎಂಬುದನ್ನೂ ಅದೇ ದಿನ ಹೊರಗಿನ ಸಂಪರ್ಕದಿಂದ ನೋಡಬೇಕು, ಕಚೇರಿಯ ಒಳಗಿನಿಂದಲ್ಲ.

ತೆರೆದ ನಂತರ

ಆರಂಭದಲ್ಲಿ ಮಾಡಿದ ಪಟ್ಟಿ ಈಗ ಪರೀಕ್ಷಾ ಪತ್ರವಾಗುತ್ತದೆ. ಹಳೆಯ ವಿಳಾಸಗಳೆಲ್ಲವನ್ನೂ ಚಿಕ್ಕ ಸ್ಕ್ರಿಪ್ಟಿನ ಮೂಲಕ ಒಂದೊಂದಾಗಿ ತೆರೆಸಬೇಕು. ಇಲ್ಲಿ 200 ಉತ್ತರ ಬಂತೆಂದು ತೃಪ್ತರಾಗುವಂತಿಲ್ಲ: ‘ಕ್ಷಮಿಸಿ, ಪುಟ ದೊರೆಯಲಿಲ್ಲ’ ಎಂಬ ಪುಟವನ್ನೇ 200 ಎಂದು ಕೊಡುವ ತಾಣಗಳಿವೆ. ಪಿಡಿಎಫ್ ಇರಬೇಕಾದಲ್ಲಿ ಬಂದದ್ದು ಪಿಡಿಎಫ್ ಹೌದೇ, ಗಾತ್ರ ಎಷ್ಟು, ಹ್ಯಾಶ್ ಹೊಂದುತ್ತದೆಯೇ ಎಂದು ನೋಡಬೇಕು. ನೂರಾರು ಫೈಲುಗಳ ಗಾತ್ರ ಒಂದೇ ಸಮನಾಗಿ ಕಂಡರೆ ಅವೆಲ್ಲ ಒಂದೇ ದೋಷಪುಟವೆಂದು ತಿಳಿಯಬಹುದು. ಯಂತ್ರದ ಪರೀಕ್ಷೆ ಮುಗಿದ ಮೇಲೆ ಪ್ರತಿ ವಿಭಾಗದ ಸಿಬ್ಬಂದಿ ತಾವು ದಿನನಿತ್ಯ ಬಳಸುವ ಆದೇಶಗಳನ್ನು ಆದೇಶ ಸಂಖ್ಯೆಯಿಂದ ಹುಡುಕಿ ನೋಡಲಿ. ಹೊಸ ಹುಡುಕು ಪೆಟ್ಟಿಗೆ ಓರೆಗೆರೆ, ಅಡ್ಡಗೆರೆಗಳಿರುವ ಸಂಖ್ಯೆಗಳಲ್ಲಿ ಎಡವುತ್ತದೆಯೇ ಎಂಬುದು ಅವರಿಗೇ ಮೊದಲು ತಿಳಿಯುತ್ತದೆ.

ಮೊದಲ ಕೆಲವು ವಾರ 404 ಲಾಗನ್ನು ಪ್ರತಿದಿನ, ಆಮೇಲೆ ವಾರಕ್ಕೊಮ್ಮೆ ತೆರೆದು, ಅತಿ ಹೆಚ್ಚು ಬಾರಿ ಕೇಳಿದ ವಿಳಾಸದಿಂದ ಆರಂಭಿಸಿ ಸರಿಪಡಿಸುತ್ತ ಹೋಗಬೇಕು. ಓದುಗರು ಎಲ್ಲಿಂದ ಬಂದರೆಂಬ ಸುಳಿವೂ ಲಾಗ್‌ನಲ್ಲಿ ಬಹಳ ಸಲ ಇರುವುದರಿಂದ, ಮುರಿದ ಕೊಂಡಿ ಇನ್ನೊಂದು ಇಲಾಖೆಯ ತಾಣದಲ್ಲಿದ್ದರೆ ಅವರಿಗೂ ಬರೆಯಬಹುದು. 404 ಪುಟದಲ್ಲಿ ಹುಡುಕು ಪೆಟ್ಟಿಗೆ, ಹಳೆಯ ತಾಣದ ಸಂಗ್ರಹಕ್ಕೆ ಕೊಂಡಿ ಮತ್ತು ಕಾಣೆಯಾದ ದಾಖಲೆಯನ್ನು ತಿಳಿಸಲು ಹೊಣೆಗಾರ ಅಧಿಕಾರಿಯ ಹುದ್ದೆಯ ಹೆಸರಿನ ಇಮೇಲ್ ಇರಲಿ. ವ್ಯಕ್ತಿಯ ಹೆಸರಿನದಾದರೆ ವರ್ಗಾವಣೆಯಾದ ದಿನ ಅದೂ ನಿಲ್ಲುತ್ತದೆ.

ಹಳೆಯ ಸರ್ವರಿನ ಪೂರ್ಣ ಪ್ರತಿಯನ್ನು ಕನಿಷ್ಠ ಒಂದು ವಾರ್ಷಿಕ ಚಕ್ರ ಮುಗಿಯುವವರೆಗೆ, ಅಂದರೆ ಬಜೆಟ್, ನೇಮಕಾತಿ, ಲೆಕ್ಕಪರಿಶೋಧನೆಯ ಋತುಗಳೆಲ್ಲ ಒಮ್ಮೆ ಕಳೆಯುವವರೆಗೆ ಅಳಿಸಬಾರದು. ವಿಳಾಸಗಳ ನಕ್ಷೆಯನ್ನು ತಾಂತ್ರಿಕ ಸಂಸ್ಥೆಯ ಕಂಪ್ಯೂಟರಿನಲ್ಲಿ ಬಿಡದೆ ಕಚೇರಿಯ ಕಡತಕ್ಕೆ ಸೇರಿಸಿ, ಅದರ ಪ್ರತಿಯನ್ನು ತಾಣದಲ್ಲೇ ಸರಳ ಪಠ್ಯ ಫೈಲಾಗಿ ಪ್ರಕಟಿಸಬೇಕು. ಮುಂದಿನ ನವೀಕರಣದ ಟೆಂಡರ್ ಪತ್ರಕ್ಕೆ ಅದನ್ನು ಅನುಬಂಧವಾಗಿ ಲಗತ್ತಿಸಬೇಕು.